ಗೋಪೂಜೆಯ ಗಟ್ಟಿ ತಿಂದ ಜಿಂಕೆಗಳು

"ಮನೆಯಲ್ಲಿ ಎಂತ ಮಾತಾಡುವುದು ನೀವು?" ಎಂದು ಕೇಳಿದರು ಜೂಲಿಯಾನಾ ಬಾಯಿ.

"ಕನ್ನಡ."

"ಅದು ಗೊತ್ತಾಯ್ತು. ಮನೆಯಲ್ಲಿ?"

"ಮನೆಯಲ್ಲೂ ಕನ್ನಡವೇ."

ಅವರು ಒಳಗೆ ತಿರುಗಿ ಗಂಡನನ್ನು ಕೊಂಕಣಿಯಲ್ಲಿ ಕೂಗಿದರು. ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ್ದ ಲಾರೆನ್ಸರು ಲುಂಗಿ ಸರಿಮಾಡಿಕೊಳ್ಳುತ್ತಾ ಜಗಲಿಗೆ ಬಂದು ನನ್ನನ್ನು ಒಮ್ಮೆ ನೋಡಿದರು. "ಅಪ್ಪ ಅಮ್ಮನ ಹತ್ತಿರವೂ ಕನ್ನಡವಾ? ಜಗಳ ಆಡುವಾಗಲೂ?"

ಜಗಳದ ಕನ್ನಡದಲ್ಲಂತೂ ನಮ್ಮ ಕಡೆಯವರು ಪಂಡಿತರು ಎಂದೆ. ಇಬ್ಬರೂ ನಕ್ಕುಬಿಟ್ಟರು. ಕುಕ್ಕುಂದೂರಿನ ಆ ಮನೆಯ ಹಿಂಬದಿಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿದ್ದು ಹೀಗೆ.

ರೋಣದ ಕಡೆಯ ನನ್ನ ಓದುಗರೇ, ನನ್ನ ದಿಗಿಲು ನಿಮಗೆ ಅರ್ಥವಾದೀತು. ಬಸ್ಸು ಹತ್ತಿ ಒಂದು ನಿದ್ದೆ ಮಾಡಿ ಎದ್ದರೆ ಅದೇ ರಾಜ್ಯ, ಅಂಗಡಿಯ ಬೋರ್ಡಿನಲ್ಲಿ ಅದೇ ಅಕ್ಷರ. ಆದರೆ ಇಲ್ಲಿಯವರಿಗೆ ಕನ್ನಡವೆಂದರೆ ಇಸ್ತ್ರಿ ಮಾಡಿಟ್ಟ ಅಂಗಿ. ಶಾಲೆಗೆ, ಬ್ಯಾಂಕಿಗೆ, ಪಂಚಾಯತಿಗೆ ಹೋಗುವಾಗ ಹಾಕಿಕೊಳ್ಳುತ್ತಾರೆ, ಮನೆಗೆ ಬಂದೊಡನೆ ಕಳಚಿಟ್ಟು ತುಳುವಿಗೋ ಕೊಂಕಣಿಗೋ ಇಳಿಯುತ್ತಾರೆ. ನಾನು ಆ ಅಂಗಿಯಲ್ಲೇ ಮಲಗಿ ಏಳುವವಳು ಎಂಬುದು ಅವರಿಗೆ ಸೋಜಿಗ. ನಾನು ಬಾಯಿ ತೆರೆದರೆ ಸಾಕು, "ಘಟ್ಟದ ಮೇಲಿನವರಾ?" ಎಂದು ಕೇಳುತ್ತಿದ್ದರು. ಸಹ್ಯಾದ್ರಿಯಿಂದಾಚೆ ಇರುವುದೆಲ್ಲ, ಬಳ್ಳಾರಿಯಾಗಲಿ ಬೀದರವಾಗಲಿ, ಇವರ ಲೆಕ್ಕದಲ್ಲಿ ಒಂದೇ 'ಘಟ್ಟದ ಮೇಲೆ'.

ನಾನು ಇಲ್ಲಿಗೆ ಬಂದದ್ದು ಜಿಂಕೆಗಳ ಸಲುವಾಗಿ. ಬೀದರದಲ್ಲಿ ಪಶುವೈದ್ಯಕೀಯ ಓದು ಮುಗಿಸಿದ ಮೇಲೆ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಬೇಲಿಯೊಳಗೆ ಬದುಕುವ ಚುಕ್ಕೆ ಜಿಂಕೆಗಳಿಗೆ ಯಾವ ರೋಗಗಳು ಬರುತ್ತವೆ, ಮಳೆಗಾಲದಲ್ಲಿ ಹೊಟ್ಟೆಹುಳು ಹೇಗೆ ಏರುತ್ತದೆ, ಉಣ್ಣಿ ಏನೇನು ಹೊತ್ತು ತರುತ್ತದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಕೆಲವು ದೇಶಗಳಲ್ಲಿ ಜಿಂಕೆಯನ್ನು ನಾವು ಕುರಿ ಸಾಕುವ ಹಾಗೆ ಹಿಂಡುಗಟ್ಟಿ ಸಾಕುತ್ತಾರೆ, ಅವುಗಳ ಆರೋಗ್ಯದ ಮೇಲೆ ದಪ್ಪ ದಪ್ಪ ಪುಸ್ತಕಗಳೇ ಇವೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಸಾಕಣೆಗೆ ಎಡೆಯಿಲ್ಲ. ಹಿಂದೆಂದೋ ನಾಯಿಬಾಯಿಂದ, ಉರುಳಿನಿಂದ ಬಿಡಿಸಿ ತಂದ ಮರಿಗಳ ಸಂತಾನವೇ ಕಾರ್ಕಳದ ಹೊರಗೆ, ಗುಡ್ಡದ ಬುಡದ ಹಳೆಯ ಆವರಣದಲ್ಲಿ ಇರುವ ನಮ್ಮ ಹಿಂಡು.

ಕುರಿಯಾದರೆ ಕಾಲು ಹಿಡಿದು ಕೆಡವಿ ಬಿದಿರಿನ ಗೊಟ್ಟದಲ್ಲಿ ಔಷಧಿ ಸುರಿಯಬಹುದು. ಆ ಕೆಲಸ ಓದುವ ಮೊದಲೇ ನನಗೆ ಬರುತ್ತಿತ್ತು. ಜಿಂಕೆಗೆ ನೀವು ಹತ್ತಿರ ಹೋಗುವುದೇ ಒಂದು ರೋಗ. ಬೆದರಿ ದಿಕ್ಕೆಟ್ಟು ಓಡಿದರೆ ಅದರ ಸ್ನಾಯುಗಳೇ ಒಳಗೆ ಕರಗತೊಡಗುತ್ತವೆ, ಎರಡು ಮೂರು ದಿನ ಬಿಟ್ಟು ಸುಮ್ಮನೆ ಸತ್ತುಹೋಗುತ್ತದೆ. ಹಾಗಾಗಿ ಮೊದಲ ತಿಂಗಳು ನಾನು ಕಲಿತದ್ದು ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ದೂರದಿಂದ ನೋಡುವುದನ್ನು. ಅವು ಮೇಯಲು ಆಚೆ ಹೋದ ಮೇಲೆ ಬಿದ್ದ ಹಿಕ್ಕೆಗಳನ್ನು ಆರಿಸಿ, ಮಂಜುಗಡ್ಡೆಯ ಡಬ್ಬಿಗೆ ಹಾಕಿ, ಬಸ್ಸಿನಲ್ಲಿ ಮಣಿಪಾಲಕ್ಕೆ ಒಯ್ಯುತ್ತಿದ್ದೆ.

ಕರಾವಳಿಯ ಬಸ್ಸಿನಲ್ಲಿ ಮಂಜುಗಡ್ಡೆಯ ಡಬ್ಬಿ ಎಂದರೆ ಮೀನು ಎಂದೇ ಅರ್ಥ. "ಎಂತ ಉಂಟು ಇವತ್ತು? ಅಂಜಲಾ?" ಎಂದು ಕಂಡಕ್ಟರು ಕೇಳಿದ. ಜಿಂಕೆಯ ಹಿಕ್ಕೆ ಎಂದೆ. ಅವನು ಟಿಕೆಟು ಹರಿಯುವುದನ್ನು ನಿಲ್ಲಿಸಿ, "ನಿಮ್ಮ ಊರಲ್ಲಿ ಅದನ್ನು ಎಂತ ಮಾಡ್ತಾರೆ ಮಾರಾಯ್ರೆ?" ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಆ ದಾರಿಯಲ್ಲಿ ನನ್ನ ಡಬ್ಬಿಗೆ ಡ್ರೈವರನ ಹಿಂದಿನ ತಂಪು ಮೂಲೆ ಕಾಯಂ ಆಯಿತು.

ಆವರಣದ ಮೇಲ್ವಿಚಾರಣೆ ಸುಧಾಕರಣ್ಣನದು. ದಿನಾ ಬೆಳ್ಮಣ್ಣಿನಿಂದ ಮೊದಲ ಬಸ್ಸಿಗೆ ಬರುವ, ಐವತ್ತು ದಾಟಿದ ಮನುಷ್ಯ. ಹುಲ್ಲು ಹಾಕುವಾಗ ಜಿಂಕೆಗಳ ಜೊತೆ ತುಳುವಿನಲ್ಲಿ ಮೆಲ್ಲಗೆ ಮಾತಾಡುತ್ತಲೇ ಇರುತ್ತಾರೆ, ಆ ಸ್ವರ ಕೇಳಿದರೆ ಅವು ಕಿವಿ ಇಳಿಸುತ್ತವೆ. ನನ್ನ ತುಳು ಪಾಠ ಅಲ್ಲಿಯೇ ಶುರುವಾದದ್ದು. 'ಬಲ' ಎಂದರೆ ಬಾ, 'ತಿನ್ಲ' ಎಂದರೆ ತಿನ್ನು, 'ಪೋಡ್ಯಡ' ಎಂದರೆ ಹೆದರಬೇಡ. ನನ್ನ ಶಬ್ದಭಂಡಾರ ಅಷ್ಟೇ. ಒಮ್ಮೆ ಹುರುಪಿನಲ್ಲಿ ನೆರೆಮನೆಯ ವಾರಿಜಕ್ಕನಿಗೆ "ಬಲ, ತಿನ್ಲ" ಎಂದುಬಿಟ್ಟೆ. ಅರವತ್ತು ಮೀರಿದ ಆಕೆ ನನ್ನ ಏಕವಚನಕ್ಕೆ ಕೋಪಿಸಿಕೊಳ್ಳಲಿಲ್ಲ. "ಜಿಂಕೆಗೆ ಕಲಿಸಿದ ಮಾತು ಅಲ್ವಾ? ಅಡ್ಡಿಲ್ಲ, ನಾನೂ ಹುಲ್ಲು ತಿನ್ನುವಷ್ಟು ಬಡವಿ ಆಗಿದ್ದೇನೆ, ಮನೆಯಲ್ಲಿ ಹಸು ಸಹ ಇಲ್ಲ" ಎಂದು ತಮಾಷೆ ಮಾಡಿದರು. ಮೊಣಕಾಲು ನೋವಿಗೆ ಹಾಲು ಕರೆಯಲಾಗದೆ ಕೊನೆಯ ಹಸುವನ್ನೂ ಕೊಟ್ಟು ಹಟ್ಟಿಯಲ್ಲಿ ಸ್ಕೂಟರು ನಿಲ್ಲಿಸಿದ್ದರು. ಆ ಮಾತು ಬಂದಾಗಲೆಲ್ಲ ಅವರ ತಮಾಷೆ ಬೇಗ ಮುಗಿಯುತ್ತಿತ್ತು.

ಊಟದ ಕಷ್ಟ ಹೇಳಿದರೆ ನೀವು ನಗುತ್ತೀರಿ. ಇಲ್ಲಿಯ ಕುಚ್ಚಲಕ್ಕಿ ಅನ್ನದ ಅಗುಳು ನಮ್ಮ ಹಲ್ಲಿಗೆ ಹೊಸದು, ತೆಂಗಿನೆಣ್ಣೆಯ ವಾಸನೆ ಮೂಗಿಗೆ ಹೊಸದು. ನಮ್ಮದು ಮೀನು ಮುಟ್ಟದ ಮನೆ. ಜೋಳದ ಹಿಟ್ಟು ಹುಡುಕಿ ಕಾರ್ಕಳದ ಪೇಟೆಯಲ್ಲಿ ಒಂದು ಪೊಟ್ಟಣ ಹಿಡಿದು ತಂದು ರೊಟ್ಟಿ ಬಡಿಯಲು ಕೂತರೆ, ಎರಡನೆಯ ರೊಟ್ಟಿಗೆ ಜೂಲಿಯಾನಾ ಬಾಯಿ ಓಡಿ ಬಂದರು. "ಎಂತ ಡಾಕ್ಟ್ರೇ, ಗೋಡೆ ಒಡೆಯುತ್ತಿದ್ದೀರಾ?" ಹಳೆಯ ಹಿಟ್ಟು, ರೊಟ್ಟಿ ಅಂಚಿನಲ್ಲೆಲ್ಲ ಬಿರಿದಿತ್ತು. ಆದರೂ ಒಂದು ತುಂಡು ತಿಂದು ನೋಡಿ, ಇದಕ್ಕೆ ತೆಂಗಿನಕಾಯಿ ಚಟ್ನಿ ಇದ್ದರೆ ಹೋಗ್ತದೆ ಎಂದು ತೀರ್ಪು ಕೊಟ್ಟರು. ಸೆಪ್ಟೆಂಬರಿನಲ್ಲಿ ಅವರ ಮೊಂತಿ ಹಬ್ಬ ಬಂತು. ಇಗರ್ಜಿಯಲ್ಲಿ ಮೇರಿಮಾತೆಗೆ ಮಕ್ಕಳು ಹೂವು ಹಾಕುತ್ತಾರೆ, ಹೊಸ ಭತ್ತದ ತೆನೆಯನ್ನು ಮನೆಗೆ ತಂದು ಕಾಳು ಸುಲಿದು ಹಾಲಿನಲ್ಲಿ ಹಾಕಿ ಎಲ್ಲರೂ ಕುಡಿಯುತ್ತಾರೆ. ಅಂದು ಆ ಮನೆಯಲ್ಲಿ ಮೀನು ಮಾಂಸ ಇಲ್ಲ. "ಇದು ನಿಮಗಾಗಿಯೇ ಮಾಡಿದ ಹಬ್ಬ" ಎಂದು ಲಾರೆನ್ಸರು ನನ್ನನ್ನು ತಮ್ಮ ಪಕ್ಕದಲ್ಲಿ ಬಾಳೆಲೆಗೆ ಕೂರಿಸಿದರು. ಮನೆಯವರ ಜೊತೆ ಸಾಲಾಗಿ ಕೂತು ಉಂಡು ತಿಂಗಳುಗಳಾಗಿದ್ದವು, ಆ ದಿನ ನನ್ನ ಕಣ್ಣು ತುಂಬಿತು.

ಒಂಟಿತನ ಇರಲಿಲ್ಲವೆಂದಲ್ಲ. ಭಾನುವಾರಗಳು ಕಷ್ಟ. ಅಂಥ ಒಂದು ಭಾನುವಾರ ಕಾಪುವಿಗೆ ಹೋಗಿ ದೀಪಸ್ತಂಭದ ಬಂಡೆಯ ಮೇಲೆ ಕೂತು ಮೊದಲ ಬಾರಿಗೆ ಸಮುದ್ರ ನೋಡಿದೆ, ಅವ್ವನಿಗೂ ಫೋನಿನಲ್ಲಿ ತೋರಿಸಿದೆ. ಅವ್ವ ಕೊಡಕ್ಕೆ ಕೊಡ ಎಣಿಸಿ ನೀರು ಹೊತ್ತವಳು. "ಅದಿಷ್ಟೂ ಉಪ್ಪೇನವಾ?" ಎಂದಳು. ಹೌದು ಎಂದೆ. "ಇಷ್ಟ್ ಕೊಟ್ಟ್ ಹಿಂಗ್ಯಾಕ ಮಾಡಿದ್ನೋ ದೇವ್ರು" ಎಂದು ದೇವರ ಮೇಲೇ ಸಿಟ್ಟಾದಳು.

ದೀಪಾವಳಿಗೆ ನನಗೆ ಊರಿಗೆ ಬರಲಾಗಲಿಲ್ಲ. ಮಳೆ ನಿಂತ ಮೇಲಿನ ಮಾದರಿಗಳನ್ನು ಆಗಲೇ ಸಂಗ್ರಹಿಸಬೇಕಿತ್ತು. ಪಾಡ್ಯದ ದಿನ ಮಣಿಪಾಲದಲ್ಲಿ ನನ್ನ ಮಾರ್ಗದರ್ಶಕಿ ಮೇಡಂ ಮನೆಯಲ್ಲಿ ಊಟ. ನೀವೆಲ್ಲ ಅಂಗಳದಲ್ಲಿ ಸಗಣಿಯ ಪಾಂಡವರನ್ನು ಕೂರಿಸಿ ಉತ್ರಾಣಿ ಕಡ್ಡಿ ಚುಚ್ಚುತ್ತಿರುವಿರಿ ಎಂದು ನೆನೆಯುತ್ತ ಅಲ್ಲಿಯೇ ಉಳಿದೆ. ಮರುದಿನ ಬೆಳಿಗ್ಗೆ ಆವರಣಕ್ಕೆ ಬಂದರೆ ಸುಧಾಕರಣ್ಣ ಗೇಟಿನ ಹೊರಗೇ ನಿಂತಿದ್ದರು.

"ಒಂದು ಹೋಯ್ತು ಡಾಕ್ಟ್ರೇ. ಉಳಿದದ್ದು ಸುಮಾರು ಮಲಗಿದ್ದಾವೆ."

ನಾನು ಗೇಟು ದಾಟಿ ಒಳಗೆ ಹೋದೆ. ನೆರಳು ಕಂಡರೆ ಹಾರುವ ಪ್ರಾಣಿಗಳು ನಾನು ಹತ್ತಿರ ಹೋದರೂ ಏಳಲಿಲ್ಲ. ಕೆಲವು ಹಲ್ಲು ಕಡಿಯುತ್ತಿದ್ದವು, ಬಾಯಲ್ಲಿ ಜೊಲ್ಲು, ಎದ್ದು ನಿಂತಿದ್ದ ಒಂದೆರಡು ಕಾಲು ಎಳೆಯುತ್ತಿದ್ದವು. ಕಾಲುಬಾಯಿ ರೋಗವೇ ಇರಬೇಕೆಂದು ಮೇಡಂಗೆ ಫೋನು ಮಾಡಿದೆ. ಗೇಟು ಮುಚ್ಚಿಸು, ಸುತ್ತಲ ದನಗಳನ್ನು ದೂರ ಇರಿಸಲು ಹೇಳು, ಸತ್ತದ್ದನ್ನು ಇಲಾಖೆಯವರ ಎದುರಿನಲ್ಲಿ ಕೊಯ್ದು ನೋಡು ಎಂದರು. ಅಂಟುರೋಗವಾದರೆ ಹಿಂಡು ಉಳಿಯುವ ಆಸೆ ಕಡಿಮೆ. ಆದರೆ ಬಾಯಿ ತೆರೆದು ನೋಡಿದರೆ ಒಂದು ಗುಳ್ಳೆಯೂ ಇಲ್ಲ, ಗೊರಸಿನ ಸಂದಿಯೂ ಸ್ವಚ್ಛ.

"ನಿನ್ನೆ ಎಂತ ತಿಂದಿದ್ದಾವೆ?" ಎಂದು ಕೇಳಿದೆ. ಆ ಹೊತ್ತಿಗೆ 'ಎಂತ' ನನ್ನ ನಾಲಿಗೆಗೂ ಬಂದಿತ್ತು.

"ಎಂತ ಇಲ್ಲ. ಯಾವಾಗಿನ ಹುಲ್ಲು, ಸೊಪ್ಪು."

ಸುಧಾಕರಣ್ಣ ಸುಳ್ಳು ಹೇಳುವವರಲ್ಲ. ಆಗಲೂ ಹೇಳಲಿಲ್ಲ. ಇಲಾಖೆಯವರು ಬಂದ ಮೇಲೆ ಸತ್ತ ಜಿಂಕೆಯ ಹೊಟ್ಟೆ ಬಿಚ್ಚಿದೆ. ಹುಳಿ ಬಂದ ಹಿಟ್ಟಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಹುಳಿ ನೋಡುವ ಕಾಗದ ಕ್ಷಣದಲ್ಲಿ ಬಣ್ಣ ತಿರುಗಿತು. ಹುಲ್ಲಿನ ಜೊತೆ ಬೆಂದ ಅಕ್ಕಿ, ಅವಲಕ್ಕಿ, ಬಾಳೆಹಣ್ಣಿನ ಸಿಪ್ಪೆ, ಅರಸಿನ ಎಲೆಯ ಚೂರು.

ನಿಮಗೆ ಈ ವಾಸನೆ ಗೊತ್ತುಂಟು. ಜೋಳದ ಸುಗ್ಗಿಯಲ್ಲಿ ಎತ್ತು ಹಗ್ಗ ಹರಿದುಕೊಂಡು ಕಣಕ್ಕೆ ನುಗ್ಗಿ ರಾಶಿಗೆ ಬಾಯಿ ಹಾಕಿದರೆ ಮರುದಿನ ಏನಾಗುತ್ತದೆ? ನಮ್ಮ ಅಜ್ಜನ ಮನೆಯ ಎತ್ತು ಹೀಗೆಯೇ ಹಲ್ಲು ಕಡಿಯುತ್ತ ಕಣದ ಬದಿಗೆ ಒರಗಿತ್ತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ಒಮ್ಮೆಲೇ ಕಾಳು, ಅನ್ನ ಬಿದ್ದರೆ ಅದು ಹುಳಿಯಾಗಿ ಮೈಯೆಲ್ಲ ವಿಷವಾಗುತ್ತದೆ. ಹೊರದೇಶದ ಸಾಕು ಜಿಂಕೆಗಳ ಪುಸ್ತಕದಲ್ಲೂ ಈ ರೋಗ ಇದೆ, ಆದರೆ ಈ ಅನ್ನ ಎಲ್ಲಿಂದ ಬಂತೆಂದು ಯಾವ ಪುಸ್ತಕವೂ ಹೇಳದು.

"ಸುಧಾಕರಣ್ಣ, ಅನ್ನ ಯಾರು ಹಾಕಿದ್ದು?"

ಅವರು ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದರು. "ಅದು ಗೋಪೂಜೆಯದ್ದಲ್ವಾ? ಅದು ತಿಂಡಿ ಅಲ್ಲವಲ್ಲ."

ಆಗ ಎಲ್ಲ ಗೊತ್ತಾಯಿತು. ಈ ಕಡೆ ದೀಪಾವಳಿಯ ಪಾಡ್ಯದಂದು ಹಸುವನ್ನು ಮೀಯಿಸಿ, ಮಾಲೆ ಹಾಕಿ, ಗಟ್ಟಿ ತಿನ್ನಿಸುತ್ತಾರೆ. ಗಟ್ಟಿ ಎಂದರೆ ಅರಸಿನ ಎಲೆಯಲ್ಲಿ ಮಡಚಿ ಬೇಯಿಸಿದ ಅಕ್ಕಿಯ ಕಡುಬು. ಆದರೆ ಸುತ್ತಲಿನ ಮನೆಗಳಲ್ಲಿ ಈಗ ಹಸುಗಳೇ ಇಲ್ಲ. ಹಟ್ಟಿ ಖಾಲಿಯಾದ ಮೇಲೆ ಪೂಜೆ ಬಿಡಲು ಮನಸ್ಸಾಗದೆ ಕೆಲವರು ಜಿಂಕೆಗಳ ಬೇಲಿಗೆ ಬರತೊಡಗಿದ್ದರು. ಹಿಂದಿನ ವರ್ಷಗಳಲ್ಲಿ ಒಬ್ಬಿಬ್ಬರು. ಈ ಸಲ ನೋಡನೋಡುತ್ತ ಊರೇ ಬಂದಿತ್ತು. ಸುಧಾಕರಣ್ಣ ಕೂಡ ಬೆಳ್ಮಣ್ಣಿನಿಂದ ಚೀಲದಲ್ಲಿ ಮನೆಯ ಗಟ್ಟಿ ತಂದಿದ್ದರು. ಹೊರಗಿನವರು ಒಂದು ಬಿಸ್ಕತ್ತು ಎಸೆದರೂ ಬೈಯುವ ಮನುಷ್ಯನಿಗೆ ದೇವರ ಹೆಸರಿನಲ್ಲಿ ಕೊಟ್ಟದ್ದು ಮೇವಿನ ಲೆಕ್ಕಕ್ಕೆ ಬಂದಿರಲಿಲ್ಲ.

ಅಂಟುರೋಗವಲ್ಲ ಎಂಬ ಸಮಾಧಾನದ ಜೊತೆಗೇ ಓಟ ಶುರುವಾಯಿತು. ಹುಳಿಗೆ ಮದ್ದು ಅಡುಗೆ ಸೋಡಾ. ನಾನು ಫೋನು ಮಾಡಿದ್ದು ಜೂಲಿಯಾನಾ ಬಾಯಿಗೆ. ಲಾರೆನ್ಸರು ಸ್ಕೂಟರಿನಲ್ಲಿ ಕುಕ್ಕುಂದೂರಿನ ಅಂಗಡಿಗಳನ್ನೆಲ್ಲ ಬರಿದು ಮಾಡಿ ತಂದರು, ಸಾಲದ್ದಕ್ಕೆ ನಿಟ್ಟೆಯ ಹಾಸ್ಟೆಲಿನ ಅಡುಗೆಮನೆಯಿಂದಲೂ ಬಂತು. ಮೇಡಂ ಮಣಿಪಾಲದಿಂದ ಡ್ರಿಪ್ಪು, ಕೊಳವೆ ಹಿಡಿದು ಬಂದರು. ಜಿಂಕೆಯ ಕಣ್ಣು ಮುಚ್ಚಿದರೆ ಭಯ ತಗ್ಗುತ್ತದೆ, ಅದಕ್ಕೆ ಜೂಲಿಯಾನಾ ಬಾಯಿಯ ಹಳೆಯ ಸೀರೆಗಳನ್ನು ಹರಿದು ಕಟ್ಟಿದೆವು. ಸುಧಾಕರಣ್ಣ ಒಂದೊಂದರ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು "ಪೋಡ್ಯಡ, ಪೋಡ್ಯಡ" ಎನ್ನುತ್ತಿದ್ದರು. ನಾನು ಕೊಳವೆ ಇಳಿಸಿ ಸೋಡಾ ನೀರು ಬಿಡುತ್ತಿದ್ದೆ.

ಮಧ್ಯಾಹ್ನ ಅವರು ತಗ್ಗಿದ ದನಿಯಲ್ಲಿ, "ಊರವರಿಗೆ ಹೇಳ್ಬೇಡಿ ಡಾಕ್ಟ್ರೇ. ಎಂತಾದರೂ ರೋಗ ಅಂತ ಹೇಳಿ. ವಾರಿಜಕ್ಕ ನಿನ್ನೆ ಇಲ್ಲಿ ಕಣ್ಣೀರು ಹಾಕಿ ಹೋಗಿದ್ದಾರೆ, ಹಸುವಿಗೆ ಕೊಟ್ಟ ಹಾಗೇ ಆಯ್ತು ಅಂತ" ಎಂದರು.

ಹೇಳದೆ ಇರುವಂತಿರಲಿಲ್ಲ. ಸಂಜೆಗೆ ಹಬ್ಬದ ಉಳಿದ ಪಟಾಕಿಗಳು ಸಿಡಿಯಲಿದ್ದವು. ಈ ಸ್ಥಿತಿಯಲ್ಲಿ ಜಿಂಕೆಗಳು ಬೆದರಿ ಎದ್ದು ಓಡಿದರೆ ನಮ್ಮ ಸೋಡಾ, ಡ್ರಿಪ್ಪು ಎಲ್ಲ ನೀರಿನಲ್ಲಿ ಹೋಮ. ಊರು ಸುಮ್ಮನಿರಬೇಕಾದರೆ ಊರಿಗೆ ನಿಜ ಗೊತ್ತಾಗಬೇಕು. ಆದರೆ ಘಟ್ಟದ ಮೇಲಿಂದ ನಿನ್ನೆ ಮೊನ್ನೆ ಬಂದ ಹೆಣ್ಣು ನಿಮ್ಮ ಪೂಜೆಯಿಂದಲೇ ಜೀವ ಹೋಯಿತು ಎಂದರೆ ಯಾರು ಸಹಿಸುತ್ತಾರೆ? ಆವರಣದಿಂದ ವಾರಿಜಕ್ಕನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮೊದಲ ಮಾತನ್ನು ಹುಡುಕುತ್ತಿದ್ದೆ.

ಅವರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ನಾನು ಜಿಂಕೆಯ ಮಾತೆತ್ತದೆ ಅಜ್ಜನ ಎತ್ತಿನ ಕತೆ ಹೇಳಿದೆ. ಜೋಳ ನಮ್ಮ ದೇವರು, ರಾಶಿಯನ್ನು ಚಪ್ಪಲಿ ಬಿಟ್ಟು ಮುಟ್ಟುತ್ತೇವೆ, ಅಂಥ ಜೋಳವೇ ಅವತ್ತು ಎತ್ತನ್ನು ತಿಂದಿತು, ಅಜ್ಜ ಜೋಳವನ್ನು ಬೈಯಲಿಲ್ಲ, ತನ್ನನ್ನೂ ಬೈದುಕೊಳ್ಳಲಿಲ್ಲ, ಕಣಕ್ಕೆ ಬೇಲಿ ಹಾಕಿದ ಎಂದೆ. ಅವರ ಕೈ ನಿಂತಿತು.

"ಗಟ್ಟಿಯಿಂದಲಾ?" ಎಂದರು.

"ಹೌದು ವಾರಿಜಕ್ಕ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು, "ಉಳಿದದ್ದು ಬದುಕ್ತಾವಾ?"

"ಈ ಸಂಜೆ ಪಟಾಕಿ ಹೊಡೆಯದಿದ್ದರೆ ಬದುಕಬಹುದು."

ಮೊಣಕಾಲಿನ ನೋವನ್ನೂ ಲೆಕ್ಕಿಸದೆ ಎದ್ದು ನಿಂತರು. "ನೀವು ಹೋಗಿ ಮಗಾ, ನಿಮ್ಮ ಕೆಲಸ ನೋಡಿ. ಇದು ನನಗೆ ಬಿಡಿ." ತುಳುವಿನ ಮನೆಗಳಿಗೆ ಅವರು ಕೋಲೂರಿಕೊಂಡು ಹೋದರು, ಕೊಂಕಣಿಯ ಮನೆಗಳಿಗೆ ಲಾರೆನ್ಸರು ಹೋದರು. ನಿಜವನ್ನು ಮುಚ್ಚಿಡಲಿಲ್ಲ, "ನಮ್ಮ ಗಟ್ಟಿಯಿಂದ ಹೀಗಾಯ್ತು, ಇವತ್ತು ಸದ್ದು ಬೇಡ" ಎಂದು ವಾರಿಜಕ್ಕ ಎಲ್ಲರ ಮುಂದೆ ಹೇಳಿದರಂತೆ.

ದೀಪ ಹಚ್ಚುವ ಹೊತ್ತಾಯಿತು. ಕಾರ್ಕಳ ಪೇಟೆಯ ಕಡೆಯಿಂದ ದೂರದಲ್ಲಿ ಸದ್ದು ಕೇಳುತ್ತಿತ್ತು, ಗುಡ್ಡದ ಸುತ್ತ ಮಾತ್ರ ಒಂದು ಸುರುಸುರುಬತ್ತಿಯೂ ಉರಿಯಲಿಲ್ಲ. ಅಂಗಳ ಅಂಗಳಗಳಲ್ಲಿ ಹಣತೆಗಳಿದ್ದವು. ಮಕ್ಕಳಿರುವ ಮನೆಗಳಲ್ಲಿ ಪಟಾಕಿ ಎತ್ತಿಡುವುದು ಎಂಥ ಪಾಡೆಂದು ನಿಮಗೆ ಗೊತ್ತು. ನನ್ನ ಪರಿಚಯವೇ ಇಲ್ಲದ ಅಷ್ಟು ಮನೆಗಳು ನನ್ನ ಒಂದು ಮಾತನ್ನು ನಂಬಿದ್ದವು. ಸುಧಾಕರಣ್ಣನ ತೊಡೆಯ ಮೇಲಿದ್ದ ಜಿಂಕೆ ತಲೆಯೆತ್ತಿ, ನಿಧಾನವಾಗಿ ಮೆಲುಕು ಹಾಕಲು ಶುರುಮಾಡಿತು. ಅವರು ಅತ್ತರು. ನನಗೂ ತಡೆಯಲಾಗಲಿಲ್ಲ, ಮೇಡಂ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತೆ.

ಇನ್ನೊಂದು ಜಿಂಕೆ ಎರಡು ದಿನ ಒದ್ದಾಡಿ ಹೋಯಿತು. ಉಳಿದವೆಲ್ಲ ಎದ್ದವು. ವಾರಿಜಕ್ಕ ಬೇಲಿಯ ಬಳಿ ಬಂದು ಅವುಗಳನ್ನು ಕಣ್ಣಾರೆ ನೋಡಿ ಹೋಗುವಾಗ, "ಹಾಗಾದ್ರೆ ಬರುವ ವರ್ಷ ಎಂತ ಕೊಡುವುದು?" ಎಂದು ಕೇಳಿದರು. ಹಲಸಿನ ಸೊಪ್ಪು ಕೊಡಿ ಎಂದೆ. "ಹಬ್ಬಕ್ಕೆ ಬರೀ ಸೊಪ್ಪಾ?" ಎಂದು ಮುಖ ಸಣ್ಣದು ಮಾಡಿದರು. ಜಿಂಕೆಗೆ ಅದೇ ಗಟ್ಟಿ ಎಂದೆ. ಒಪ್ಪಿದರೋ ಇಲ್ಲವೋ ಆಗ ತಿಳಿಯಲಿಲ್ಲ.

ಈ ವರ್ಷದ ದೀಪಾವಳಿಗೆ ರಜೆ ಸಿಕ್ಕಿತು, ಊರಿಗೆ ಬಂದೆ. ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿ ಸೊರಗಿದ್ದೀ ಎಂದಿರಿ, ಮಾತಿನ ಧಾಟಿ ಬದಲಾಗಿದೆ ಎಂದು ಆಡಿಕೊಂಡಿರಿ. ಪಾಡ್ಯದ ದಿನ ಅಂಗಳದಲ್ಲಿ ಅವ್ವ ಪಾಂಡವರಿಗೆ ಚೆಂಡುಹೂ ಏರಿಸಿ, ಎತ್ತಿಗೆ ಹೋಳಿಗೆ ತಿನ್ನಿಸಲು ಬುಟ್ಟಿ ಹಿಡಿದು ಹೊರಟಳು. ನಾನು ಆಕೆಯ ಕೈ ಹಿಡಿದು ಒಂದೇ ಸಾಕು ಎಂದೆ. "ವರ್ಷಕ್ಕೊಂದ್ಸಲ ಕೊಡೂದಕ್ಕ ನಿಂದೇನ ಕಾಟ" ಎಂದು ಗೊಣಗುತ್ತ ಉಳಿದದ್ದನ್ನು ವಾಪಸು ಇಟ್ಟಳು. ಅಷ್ಟರಲ್ಲಿ ಫೋನು ಬಂತು. ವಾರಿಜಕ್ಕ.

"ನಾವೆಲ್ಲ ಬೇಲಿಯ ಹತ್ತಿರ ಇದ್ದೇವೆ. ಎಲ್ಲರೂ ಸೊಪ್ಪೇ ತಂದದ್ದು, ಸುಧಾಕರ ಒಬ್ಬೊಬ್ಬರ ಚೀಲ ಬಿಚ್ಚಿ ನೋಡಿಯೇ ಬಿಟ್ಟ. ಬಾಯಮ್ಮನವರೂ ಒಂದು ಕಟ್ಟು ತಂದಿದ್ದಾರೆ, ಅವರಿಗೆಂತ ಗೋಪೂಜೆ ಹೇಳಿ!" ಹಿನ್ನೆಲೆಯಲ್ಲಿ ಜೂಲಿಯಾನಾ ಬಾಯಿ ನಗುವುದು ಕೇಳಿಸಿತು. ವಾರಿಜಕ್ಕ ದನಿ ತಗ್ಗಿಸಿದರು. "ಮತ್ತೆ, ಗಟ್ಟಿ ಮಾಡಿದ್ದೇನೆ ನಾನು. ಮಾಡದೆ ಇರ್ಲಿಕ್ಕೆ ಆಗ್ಲಿಲ್ಲ. ಹಸು ಇಲ್ಲ, ಜಿಂಕೆಗೆ ಕೊಡುವ ಹಾಗಿಲ್ಲ. ನಿಮಗೆ ಅಂತ ತೆಗೆದಿಟ್ಟಿದ್ದೇನೆ. ಊರಿಗೆ ಯಾವಾಗ ಬರುವುದು ಮಗಾ?"

"ನಾಡಿದ್ದು ಬರ್ತೇನೆ ವಾರಿಜಕ್ಕ" ಎಂದೆ.

ಫೋನು ಇಟ್ಟು ತಿರುಗಿದೆ. ಅವ್ವ ಹೋಳಿಗೆಯ ಬುಟ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಯಾವ ಊರಿಗವಾ?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಆಕೆ ಬುಟ್ಟಿಯಿಂದ ಒಂದು ಹೋಳಿಗೆ ತೆಗೆದು, ಮುರಿದು, ನನ್ನ ಬಾಯಿಗಿಟ್ಟಳು.